ನಾಣ್ಯ ಸಾಗಲಿ, ಕೀ ಅಲ್ಲೇ ಉಳಿಯಲಿ

ಕರ್ನಾಟಕದ ಬಿಟ್‌ಕಾಯಿನ್ ಹಗರಣದ ರಾಜಕೀಯ ಎಲ್ಲರಿಗೂ ನೆನಪಿದೆ. ಅದರೊಳಗಿದ್ದ ಒಂದು ತಾಂತ್ರಿಕ ಸಂಗತಿ ಮಾತ್ರ ಗದ್ದಲದಲ್ಲಿ ಮರೆಯಾಯಿತು. 2020ರ ನವೆಂಬರ್‌ನಲ್ಲಿ ಬಂಧಿತನಾದ ಹ್ಯಾಕಿಂಗ್ ಆರೋಪಿ, ಶ್ರೀಕಿ ಎಂದೇ ಹೆಸರಾದ ಶ್ರೀಕೃಷ್ಣ ರಮೇಶ್‌ನಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಅವುಗಳ ಬೆಲೆ 9 ಕೋಟಿ ರೂಪಾಯಿ ಎಂದು ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು 2021ರ ಜನವರಿಯಲ್ಲಿ ಪ್ರಕಟಿಸಿದರು. ಆ ನಾಣ್ಯಗಳನ್ನು ಇಟ್ಟುಕೊಳ್ಳಲು ಪೊಲೀಸರಿಗೇ ಒಂದು ವ್ಯಾಲೆಟ್ ಬೇಕಿತ್ತು. ಸರ್ಕಾರದ ಅನುಮತಿ ಪಡೆದು ಅದನ್ನೂ ತೆರೆದರು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕರಣ ಬಿಸಿಯೇರಿದಾಗ ಪೊಲೀಸರು ಕೊಟ್ಟ ವಿವರಣೆ ಹೀಗಿತ್ತು: ಆರೋಪಿ ತನ್ನದೆಂದು ತೋರಿಸಿದ ವ್ಯಾಲೆಟ್‌ನಲ್ಲಿ ಮೊದಲು 31.8 ಬಿಟ್‌ಕಾಯಿನ್ ಕಂಡಿತ್ತು, ಅದರ ಪಾಸ್‌ವರ್ಡ್ ಬದಲಿಸಿ ಇಡಲಾಗಿತ್ತು. ಪೊಲೀಸರ ವ್ಯಾಲೆಟ್ ಸಿದ್ಧವಾದ ಮೇಲೆ ತೆರೆದು ನೋಡಿದರೆ 186.811 ಬಿಟ್‌ಕಾಯಿನ್ ಕಾಣಿಸಿತು. ಪರಿಶೀಲಿಸಿದ ಸೈಬರ್ ತಜ್ಞರು, ಅದು ಕ್ರಿಪ್ಟೊ ಕೊಳ್ಳುವ-ಮಾರುವ ಎಕ್ಸ್‌ಚೇಂಜ್ ಒಂದರ ಚಾಲ್ತಿ ವ್ಯಾಲೆಟ್, ಅದರ ಪ್ರೈವೇಟ್ ಕೀ ಆರೋಪಿಯ ಬಳಿ ಇಲ್ಲ ಎಂದರು. ಹಾಗಾಗಿ ಏನನ್ನೂ ವರ್ಗಾಯಿಸದೆ ಬಿಡಲಾಯಿತು. ಪರದೆಯ ಮೇಲೆ ಮೊತ್ತ ಇತ್ತು, ಪಾಸ್‌ವರ್ಡ್ ಪೊಲೀಸರ ಕೈಯಲ್ಲಿತ್ತು. ಆದರೂ ಒಂದು ನಾಣ್ಯವನ್ನೂ ಅಲ್ಲಿಂದ ಕದಲಿಸಲು ಆಗಲಿಲ್ಲ.

ವ್ಯಾಲೆಟ್ ಎಂದ ಕೂಡಲೇ ಅದರೊಳಗೆ ಹಣ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ವ್ಯಾಲೆಟ್ ಆ್ಯಪ್‌ನಲ್ಲಿ ನಾಣ್ಯ ಇರುವುದಿಲ್ಲ. ಯಲಹಂಕದ ಸೈಟೊಂದು ಕೈ ಬದಲಾದಾಗ ಸೈಟು ಜಾಗ ಬಿಟ್ಟು ಅಲುಗುವುದಿಲ್ಲ, ನೋಂದಣಿ ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾಗುತ್ತದೆ. ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲೂ ಆಗುವುದು ಅಷ್ಟೇ. ಆದರೆ ಅಲ್ಲಿ ಸಬ್ ರಿಜಿಸ್ಟ್ರಾರ್ ಇಲ್ಲ, ಆಧಾರ್ ಇಲ್ಲ, ತಕರಾರು ಅರ್ಜಿ ಹಾಕುವ ದಾರಿ ಇಲ್ಲ. ಇರುವುದು ಒಂದು ಸಹಿ. ಆ ಸಹಿ ಹಾಕುವುದು ಪ್ರೈವೇಟ್ ಕೀ, ಅಂದರೆ 256 ಬಿಟ್ ಉದ್ದದ ಒಂದು ಗುಪ್ತ ಸಂಖ್ಯೆ. ಅದರಿಂದ ಪಬ್ಲಿಕ್ ಕೀ ಹುಟ್ಟುತ್ತದೆ, ಪಬ್ಲಿಕ್ ಕೀಯಿಂದ ವಿಳಾಸ ಹುಟ್ಟುತ್ತದೆ. ವಿಳಾಸದಿಂದ ಹಿಂದಕ್ಕೆ ಹೋಗಿ ಕೀ ಕಂಡುಹಿಡಿಯಲು ಈಗಿನ ಯಾವ ಕಂಪ್ಯೂಟರಿನಿಂದಲೂ ಆಗದು. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು, ಕೀ ಇಲ್ಲದೆಯೂ ಆ ಬಾಕಿಯನ್ನು ತಮ್ಮ ವ್ಯಾಲೆಟ್‌ನ ಪರದೆಯ ಮೇಲೆ ತೋರಿಸಿಕೊಳ್ಳಬಹುದು. ಹಾಗಾಗಿ ಬಾಕಿ ಕಾಣುವುದು ಒಡೆತನಕ್ಕೆ ಸಾಕ್ಷಿಯಲ್ಲ, ಸಹಿ ಹಾಕಲು ಬರುವುದೊಂದೇ ಸಾಕ್ಷಿ. ಇದರ ಇನ್ನೊಂದು ಮುಖ ಇನ್ನೂ ಗಂಭೀರವಾದದ್ದು. ಆ ಸಂಖ್ಯೆ ಗೊತ್ತಿರುವವರೆಲ್ಲರೂ ಸಮಾನ ಮಾಲೀಕರು. ಮೊದಲು ಗೊತ್ತಾದವರು, ನಿಜವಾಗಿ ದುಡ್ಡು ಕೊಟ್ಟವರು ಎಂಬ ಭೇದ ಪುಸ್ತಕಕ್ಕಿಲ್ಲ. ಕೀಯನ್ನು ಯಾರಾದರೂ ನಕಲು ಮಾಡಿಕೊಂಡರೆ ಅದರ ಗುರುತೂ ಎಲ್ಲಿಯೂ ಉಳಿಯುವುದಿಲ್ಲ.

ಹಳೆ ವ್ಯಾಲೆಟ್‌ನಿಂದ ಹೊಸದಕ್ಕೆ ಹೋಗುವ ಪ್ರಶ್ನೆ ಬೆಂಗಳೂರಿನಲ್ಲಿ ಈಗ ಏಕೆ ಮುಖ್ಯ ಎಂಬುದಕ್ಕೆ ಹಿಂದಿನ ಹತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 2013ರಲ್ಲಿ ಶುರುವಾದ ಯೂನೊಕಾಯಿನ್ ಈ ಊರಿನದೇ ಕ್ರಿಪ್ಟೊ ಕಂಪನಿ. ಹೆಬ್ಬಾಳ, ನಾಗವಾರದ ಟೆಕ್ ಪಾರ್ಕ್‌ಗಳಲ್ಲಿ ದುಡಿಯುತ್ತ ಆರ್.ಟಿ. ನಗರದಲ್ಲೋ ಯಲಹಂಕ ಉಪನಗರದಲ್ಲೋ ಮನೆ ಮಾಡಿಕೊಂಡ ಪೀಳಿಗೆ ಕುತೂಹಲಕ್ಕಾಗಿ ಒಂದಿಷ್ಟು ಬಿಟ್‌ಕಾಯಿನ್ ಕೊಂಡಿದ್ದು ಆ ಕಾಲದಲ್ಲೇ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವಹಿವಾಟಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜೆಬ್‌ಪೇ ತನ್ನ ಎಕ್ಸ್‌ಚೇಂಜ್ ನಿಲ್ಲಿಸಿತು, 2019ರ ಜೂನ್‌ನಲ್ಲಿ ಕಾಯ್ನೆಕ್ಸ್ ಮುಚ್ಚಿತು. 2018ರ ಅಕ್ಟೋಬರ್‌ನಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಯೂನೊಕಾಯಿನ್ ಇಟ್ಟ ಕ್ರಿಪ್ಟೊ ಎಟಿಎಂ ಯಂತ್ರವನ್ನು ಪೊಲೀಸರು ಜಪ್ತಿ ಮಾಡಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸುವವರೆಗೆ, ಇದ್ದ ನಾಣ್ಯವನ್ನು ಉಳಿಸಿಕೊಳ್ಳಬಯಸಿದವರಿಗೆ ಕಂಡ ಸುಲಭದ ದಾರಿ ಅದನ್ನು ತಮ್ಮದೇ ವ್ಯಾಲೆಟ್‌ಗೆ ತೆಗೆದುಕೊಳ್ಳುವುದು. ಅವಸರದಲ್ಲಿ ಮಾಡಿದ ಆ ವ್ಯಾಲೆಟ್‌ಗಳು ಇವತ್ತು ಹಳೆ ಲ್ಯಾಪ್‌ಟಾಪ್‌ನಲ್ಲಿ, ಚಾರ್ಜ್ ನಿಲ್ಲದ ಫೋನಿನಲ್ಲಿ, ಡೈರಿಯ ನಡುವಿನ ಹಾಳೆಯಲ್ಲಿ ಇವೆ. ಈಗ ಅವನ್ನು ಹೊಸದಕ್ಕೆ ಬದಲಿಸುವ ಹೊತ್ತು.

ಬದಲಿಸಲು ದಾರಿ ಎರಡು. ಒಂದು, ಹಳೆ ಕೀಯನ್ನೇ, ಅಥವಾ ಆ ಕೀ ಹುಟ್ಟಿದ ಹನ್ನೆರಡು ಪದಗಳ ರಿಕವರಿ ಫ್ರೇಸನ್ನೇ, ಹೊಸ ಆ್ಯಪ್‌ನೊಳಗೆ ಟೈಪ್ ಮಾಡುವುದು. ಆ್ಯಪ್‌ಗಳು ಇದನ್ನು ಇಂಪೋರ್ಟ್ ಎನ್ನುತ್ತವೆ. ಇನ್ನೊಂದು, ಹೊಸ ವ್ಯಾಲೆಟ್‌ನಲ್ಲಿ ಹೊಸದಾಗಿಯೇ ಕೀ ಹುಟ್ಟಿಸಿ, ಹಳೆ ವಿಳಾಸದಲ್ಲಿ ಇರುವುದನ್ನೆಲ್ಲ ಹೊಸ ವಿಳಾಸಕ್ಕೆ ಕಳುಹಿಸಿಬಿಡುವುದು; ಇದನ್ನು ಸ್ವೀಪ್ ಎನ್ನುವುದುಂಟು. ಮೊದಲನೆಯದು ಒಂದು ನಿಮಿಷದ ಕೆಲಸ, ಶುಲ್ಕವಿಲ್ಲ, ಬಾಕಿ ತಕ್ಷಣ ಕಾಣುತ್ತದೆ. ಎರಡನೆಯದಕ್ಕೆ ಒಂದು ಸಂಜೆ ಬೇಕು, ನೆಟ್‌ವರ್ಕ್ ಶುಲ್ಕವೂ ಬೀಳುತ್ತದೆ. ಆದರೂ ಎರಡನೆಯದೇ ಸರಿ ಎನ್ನುವುದು ಈ ಲೇಖನದ ವಾದ. ಇಂಪೋರ್ಟ್ ಮಾಡಿದಾಗ ನಾಣ್ಯ ಎಲ್ಲಿಗೂ ಹೋಗಿರುವುದಿಲ್ಲ. ಹಳೆ ಕೀಯ ಪ್ರತಿ ಮಾತ್ರ ಒಂದಿದ್ದದ್ದು ಎರಡಾಗಿರುತ್ತದೆ. ಹಳೆ ಜಾಗದ ಅಪಾಯವೂ ಉಳಿಯಿತು, ಹೊಸ ಜಾಗದ ಅಪಾಯವೂ ಸೇರಿತು.

ಇದಕ್ಕೆ ನೇರ ಪುರಾವೆ ಸೊಲಾನಾ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ 2022ರ ಆಗಸ್ಟ್‌ನಲ್ಲಿ ನಡೆದ ಪ್ರಕರಣ. ಒಂದೇ ರಾತ್ರಿಯಲ್ಲಿ 8,000ಕ್ಕೂ ಹೆಚ್ಚು ವ್ಯಾಲೆಟ್‌ಗಳು ಬರಿದಾದವು. ಮೊದಲು ಸೊಲಾನಾ ಜಾಲವೇ ಒಡೆಯಿತು ಎಂಬ ಗುಮಾನಿ ಹಬ್ಬಿತು. ತನಿಖೆಯ ಜಾಡು ಹೋಗಿ ತಲುಪಿದ್ದು ಸ್ಲೋಪ್ ಎಂಬ ಮೊಬೈಲ್ ವ್ಯಾಲೆಟ್‌ಗೆ: ತಾಂತ್ರಿಕ ದೋಷಗಳನ್ನು ದಾಖಲಿಸಲು ಇಟ್ಟಿದ್ದ ಸರ್ವರ್‌ಗೆ ಆ ಆ್ಯಪ್ ಬಳಕೆದಾರರ ರಿಕವರಿ ಫ್ರೇಸ್‌ಗಳನ್ನೂ ಸಾದಾ ಅಕ್ಷರಗಳಲ್ಲೇ ಕಳುಹಿಸುತ್ತಿತ್ತು. ಗಮನಿಸಬೇಕಾದದ್ದು, ಹಣ ಕಳೆದುಕೊಂಡವರಲ್ಲಿ ಫ್ಯಾಂಟಮ್ ಎಂಬ ಬೇರೆಯದೇ ವ್ಯಾಲೆಟ್ ಬಳಸುತ್ತಿದ್ದವರೂ ಇದ್ದರು. ಫ್ಯಾಂಟಮ್‌ನಲ್ಲಿ ದೋಷವಿರಲಿಲ್ಲ. ಆದರೆ ಅವರ ಅದೇ ಪದಗಳು ಸ್ಲೋಪ್‌ನಲ್ಲೂ ಇದ್ದವು. ಒಂದೇ ಕೀಯನ್ನು ಎರಡು ಆ್ಯಪ್‌ನಲ್ಲಿ ಇಟ್ಟವರ ಭದ್ರತೆ ಎರಡರಲ್ಲಿ ದುರ್ಬಲವಾದದ್ದರ ಮಟ್ಟಕ್ಕೆ ಇಳಿಯಿತು. ಹೊಸ ಆ್ಯಪ್ ಎಷ್ಟೇ ಒಳ್ಳೆಯದಿರಲಿ, ಹಳೆಯದು ಏನು ಮಾಡಿತ್ತು ಎಂಬುದರಿಂದ ಅದು ಕಾಪಾಡಲಾರದು.

ಇನ್ನು ಕೆಲವು ಹಳೆ ಕೀಗಳು ಹುಟ್ಟುವಾಗಲೇ ರೋಗ ಅಂಟಿಸಿಕೊಂಡಿವೆ. ಕೀಯ ಬಲ ಇರುವುದು ಅದು ಊಹೆಗೆ ನಿಲುಕದ ಸಂಖ್ಯೆ ಎಂಬುದರಲ್ಲಿ. ಅಂಥ ಸಂಖ್ಯೆ ಹುಟ್ಟಿಸುವ ಯಂತ್ರದಲ್ಲೇ ಲೋಪವಿದ್ದರೆ ಆಮೇಲೆ ಮಾಡುವ ಜೋಪಾನವೆಲ್ಲ ವ್ಯರ್ಥ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆಗಳ ವ್ಯವಸ್ಥೆಯಲ್ಲಿ ಇಂಥದೇ ದೋಷ ಬಯಲಾಯಿತು. ಬಿಟ್‌ಕಾಯಿನ್ ತಂತ್ರಾಂಶ ತಯಾರಕರು ಆಗ ಕೊಟ್ಟ ಸಲಹೆ ಇದೇ: ಆ್ಯಪ್ ನವೀಕರಿಸಿದರೆ ಸಾಲದು, ಹೊಸ ವಿಳಾಸ ಮಾಡಿಕೊಂಡು ಇದ್ದದ್ದನ್ನೆಲ್ಲ ನಿಮಗೆ ನೀವೇ ಕಳುಹಿಸಿಕೊಳ್ಳಿ. ಹತ್ತು ವರ್ಷಗಳ ಬಳಿಕ, 2023ರ ನವೆಂಬರ್‌ನಲ್ಲಿ, ಅನ್‌ಸೈಫರ್ಡ್ ಎಂಬ ಸಂಸ್ಥೆ ‘ರ‍್ಯಾಂಡ್‌ಸ್ಟಾರ್ಮ್’ ಎಂದು ಹೆಸರಿಟ್ಟ ಇನ್ನೊಂದು ದೋಷವನ್ನು ಹೊರಹಾಕಿತು. 2011ರಿಂದ 2015ರವರೆಗೆ ಬ್ರೌಸರ್‌ನಲ್ಲಿ ಮಾಡಿದ ಅನೇಕ ವ್ಯಾಲೆಟ್‌ಗಳ ಕೀಗಳು ಇರಬೇಕಾದಷ್ಟು ಯಾದೃಚ್ಛಿಕವಾಗಿರಲಿಲ್ಲ. ಅಂಥ ಕೀಯನ್ನು ಇವತ್ತಿನ ಅತ್ಯುತ್ತಮ ವ್ಯಾಲೆಟ್‌ಗೆ ಇಂಪೋರ್ಟ್ ಮಾಡಿದರೂ ಅದು ಅದೇ ಸಂಖ್ಯೆ, ಅದೇ ದೌರ್ಬಲ್ಯ.

ಹುಟ್ಟು ಚೆನ್ನಾಗಿದ್ದರೂ ಬಾಳುವೆಯಲ್ಲಿ ಕೀ ಯಾರ ಯಾರ ಕಣ್ಣಿಗೆ ಬಿದ್ದಿದೆ ಎಂಬುದು ಇನ್ನೊಂದು ಪ್ರಶ್ನೆ. ಸ್ಕ್ರೀನ್ ಒಡೆದ ಫೋನನ್ನು ರಿಪೇರಿಗೆ ಕೊಡುವಾಗ ಅನ್‌ಲಾಕ್ ಪ್ಯಾಟರ್ನನ್ನೂ ಚೀಟಿಯಲ್ಲಿ ಬರೆದುಕೊಡುವುದು ನಮ್ಮಲ್ಲಿ ವಾಡಿಕೆ. ಕೀಯನ್ನು ಕಾಗದದ ಮೇಲೆ ಮುದ್ರಿಸಿಡುವ ಪೇಪರ್ ವ್ಯಾಲೆಟ್ ಜನಪ್ರಿಯವಾಗಿದ್ದ ಕಾಲದಲ್ಲಿ ಕೀಯ ಕ್ಯುಆರ್ ಕೋಡನ್ನು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸಿ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದರೆ, ಆ ಕೀ ಅಂಗಡಿಯ ಕಂಪ್ಯೂಟರ್‌ನಲ್ಲೂ ಉಳಿದಿದೆ ಎಂದೇ ತಿಳಿಯಬೇಕು. ಹನ್ನೆರಡು ಪದಗಳ ಹಾಳೆಯ ಫೋಟೊ ತೆಗೆದಿಟ್ಟವರಿಗೆ 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಪ್ರಕಟಿಸಿದ ಸಂಗತಿ ಗೊತ್ತಿರಬೇಕು: ‘ಸ್ಪಾರ್ಕ್‌ಕ್ಯಾಟ್’ ಎಂಬ ಕುತಂತ್ರಾಂಶ ಗೂಗಲ್ ಮತ್ತು ಆ್ಯಪಲ್‌ನ ಅಧಿಕೃತ ಆ್ಯಪ್ ಅಂಗಡಿಗಳಿಗೇ ನುಸುಳಿ, ಫೋನಿನ ಗ್ಯಾಲರಿಯ ಚಿತ್ರಗಳಲ್ಲಿನ ಅಕ್ಷರಗಳನ್ನು ಓದಿ, ರಿಕವರಿ ಫ್ರೇಸ್ ಹುಡುಕುತ್ತಿತ್ತು. ನಂಬಿಕಸ್ಥರ ವಿಷಯವೂ ಭಿನ್ನವಲ್ಲ. ಪುಣೆಯ ಕ್ರಿಪ್ಟೊ ವಂಚನೆ ಪ್ರಕರಣವೊಂದರ ತನಿಖೆಗೆ ನೆರವಾಗಲು ಪೊಲೀಸರೇ ನೇಮಿಸಿಕೊಂಡಿದ್ದ ಇಬ್ಬರು ಸೈಬರ್ ತಜ್ಞರನ್ನು 2022ರ ಮಾರ್ಚ್‌ನಲ್ಲಿ ಅದೇ ಪುಣೆ ಪೊಲೀಸರು ಬಂಧಿಸಬೇಕಾಯಿತು. ತನಿಖೆಯಲ್ಲಿ ಕೈಗೆ ಸಿಕ್ಕ ವ್ಯಾಲೆಟ್ ಮಾಹಿತಿ ಬಳಸಿ ನಾಣ್ಯ ಲಪಟಾಯಿಸಿದರು ಎಂಬುದು ಅವರ ಮೇಲಿನ ಆರೋಪ. ಒಮ್ಮೆ ಇನ್ನೊಬ್ಬರು ನೋಡಿದ ಕೀಯನ್ನು ನೋಡದಂತೆ ಮಾಡುವ ಉಪಾಯ ಯಾವ ಕಾನೂನಿನಲ್ಲೂ ಯಾವ ತಂತ್ರಜ್ಞಾನದಲ್ಲೂ ಇಲ್ಲ. ಆ ಕೀಯ ಹಿಂದೆ ಏನೂ ಇಲ್ಲದಂತೆ ಮಾಡುವುದೊಂದೇ ಇರುವ ಪರಿಹಾರ.

ಹಾಗಾದರೆ ಫೋನ್ ಬದಲಿಸಿದಾಗಲೆಲ್ಲ ಹೊಸ ಕೀ ಮಾಡುತ್ತ ಕೂರಬೇಕೇ, ರಿಕವರಿ ಫ್ರೇಸ್ ಇರುವುದೇ ಮತ್ತೆ ತೆರೆಯಲಿಕ್ಕಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ಕಂಪನಿಯ ಅದೇ ವ್ಯಾಲೆಟ್, ಪದಗಳು ಕಾಗದ ಬಿಟ್ಟು ಬೇರೆಲ್ಲೂ ಬರೆಯದವು, ಹಳೆ ಫೋನ್ ಕೈತಪ್ಪಿ ಎಲ್ಲಿಗೂ ಹೋಗಿಲ್ಲ ಎಂದಾದರೆ ಅದೇ ಪದಗಳಿಂದ ಹೊಸ ಫೋನಿನಲ್ಲಿ ತೆರೆಯುವುದರಲ್ಲಿ ತಪ್ಪಿಲ್ಲ. ಆದರೆ ಜನ ವ್ಯಾಲೆಟ್ ಬದಲಿಸುವುದು ಸಾಮಾನ್ಯವಾಗಿ ಹಳೆಯದರ ಮೇಲೆ ಅನುಮಾನ ಬಂದಾಗ, ಇಲ್ಲವೇ ಮೊತ್ತ ದೊಡ್ಡದಾಗಿ ಹಾರ್ಡ್‌ವೇರ್ ವ್ಯಾಲೆಟ್ ಕೊಂಡಾಗ. ಈ ಎರಡನೆಯ ಸಂದರ್ಭದಲ್ಲಿ ನಡೆಯುವ ತಪ್ಪಿಗೆ ಮರುಕವಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡ, ಕೀಯನ್ನು ಇಂಟರ್ನೆಟ್ಟಿನ ಸೋಂಕಿಲ್ಲದೆ ಇಡಲೆಂದೇ ಮಾಡಿದ ಸಾಧನಕ್ಕೆ, ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲೇ ಇದ್ದ ಫೋನಿನ ಹಳೆ ಹನ್ನೆರಡು ಪದಗಳನ್ನು ತುಂಬುತ್ತಾರೆ. ಸಾಧನ ಹೊಸದು, ಗುಟ್ಟು ಹಳೆಯದು. ಕೊಟ್ಟ ದುಡ್ಡಿಗೆ ಬರಬೇಕಾದ ರಕ್ಷಣೆ ಬರಲೇ ಇಲ್ಲ. ಸಾಧನವನ್ನು ತಯಾರಕರಿಂದಲೇ ಕೊಳ್ಳಬೇಕು, ಪದಗಳನ್ನು ಅದೇ ಹುಟ್ಟಿಸಬೇಕು. ಪದಗಳನ್ನು ಮೊದಲೇ ಅಚ್ಚು ಹಾಕಿದ ಕಾರ್ಡು ಡಬ್ಬಿಯೊಳಗೆ ಬಂದಿದ್ದರೆ ಅದು ವಂಚನೆ, ಅದನ್ನು ಬಳಸಲೇಬಾರದು.

ಹೊಸ ಪದಗಳನ್ನು ಬರೆದುಕೊಳ್ಳುವ ಕೆಲಸ ಕಾಣುವಷ್ಟು ಸರಳವಲ್ಲ, ಕನ್ನಡಿಗರಿಗಂತೂ ಇದರಲ್ಲಿ ಒಂದು ವಿಶೇಷ ತೊಡಕಿದೆ. ಈ ಪದಗಳನ್ನು ಆಯುವ, ಬಿಐಪಿ-39 ಎಂಬ 2013ರ ಮಾನದಂಡದ ಪಟ್ಟಿಯಲ್ಲಿ 2,048 ಪದಗಳಿವೆ. ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನೀ, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ಪಟ್ಟಿಗಳಿವೆ. ಭಾರತದ ಒಂದು ಭಾಷೆಯೂ ಇಲ್ಲ. ಇಂಗ್ಲಿಷ್ ಅಕ್ಷರ ಬರೆದು ರೂಢಿಯಿಲ್ಲದ ಹಿರಿಯರೊಬ್ಬರು ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಇಳಿಸಿಕೊಂಡರೆ ಏನಾಗುತ್ತದೆ ನೋಡಿ: ಬರೆಯುವುದಕ್ಕೂ ಬಲಬದಿಗೂ ಇರುವ ಎರಡು ಇಂಗ್ಲಿಷ್ ಪದಗಳು ಪಟ್ಟಿಯಲ್ಲಿವೆ, ಕನ್ನಡದಲ್ಲಿ ಎರಡೂ ‘ರೈಟ್’. ಐದು ವರ್ಷದ ಮೇಲೆ ಹಾಳೆ ತೆರೆದಾಗ ಯಾವುದೆಂದು ತಿಳಿಯುವುದು ಹೇಗೆ? ಆದ್ದರಿಂದ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಒಂದರಿಂದ ಹನ್ನೆರಡು ಎಂದು ಕ್ರಮಸಂಖ್ಯೆ ಹಾಕಿ ಬರೆಯಬೇಕು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಇಡೀ ಪಟ್ಟಿಯಲ್ಲಿ ಬೇರೆ ಯಾವುದಕ್ಕೂ ಬರದಂತೆ ಪಟ್ಟಿ ಮಾಡಿರುವುದರಿಂದ, ಆ ನಾಲ್ಕು ಸ್ಪಷ್ಟವಾಗಿದ್ದರೂ ಸಾಕು. ಕೊನೆಯ ಪದದಲ್ಲಿ ತಾಳೆ ನೋಡುವ ನಾಲ್ಕು ಬಿಟ್ ಅಡಗಿರುತ್ತವೆ. ಹಾಗಾಗಿ ಒಂದು ಪದ ಅಳಿಸಿಹೋಗಿದ್ದರೂ 2,048 ಸಾಧ್ಯತೆಗಳಲ್ಲಿ ಸುಮಾರು 128 ಮಾತ್ರ ತಾಳೆಯಾಗುತ್ತವೆ, ಒಂದೊಂದನ್ನೇ ನೋಡಿ ಹುಡುಕಬಹುದು. ಹೆಚ್ಚು ಪದ ಹೋದರೆ ಆಸೆ ಬಿಡಬೇಕಾಗುತ್ತದೆ.

ಬರೆದಾದ ಮೇಲೆ, ಒಂದು ರೂಪಾಯಿಯನ್ನೂ ಕಳುಹಿಸುವ ಮುನ್ನ, ಹೊಸ ವ್ಯಾಲೆಟ್‌ನ ಮೊದಲ ವಿಳಾಸವನ್ನು ಗುರುತು ಮಾಡಿಕೊಂಡು, ವ್ಯಾಲೆಟ್ಟನ್ನು ಪೂರ್ತಿ ಅಳಿಸಿ, ಬರೆದ ಹಾಳೆಯಿಂದಲೇ ಮತ್ತೆ ತೆರೆಯಬೇಕು. ಅದೇ ವಿಳಾಸ ಬಂದರೆ ಹಾಳೆ ಸರಿ. ಆಮೇಲೆ ಸಣ್ಣ ಮೊತ್ತವೊಂದನ್ನು ಕಳುಹಿಸಿ, ಅಷ್ಟಕ್ಕೇ ನಿಲ್ಲದೆ, ಅದರಲ್ಲಿ ಸ್ವಲ್ಪವನ್ನು ಹೊಸ ವ್ಯಾಲೆಟ್‌ನಿಂದ ವಾಪಸ್ ಕಳುಹಿಸಿ ನೋಡಬೇಕು. ಬಹುತೇಕರು ಬಂದದ್ದು ಕಂಡಿತಲ್ಲ ಎಂದು ಇಲ್ಲಿ ಕೈಬಿಡುತ್ತಾರೆ. ಕಾಣುವುದು ಏನನ್ನೂ ರುಜುವಾತುಪಡಿಸುವುದಿಲ್ಲ ಎಂಬುದನ್ನು ಸಿಸಿಬಿ ಪ್ರಕರಣದಲ್ಲೇ ನೋಡಿದೆವು. ಹೊಸ ಕೀ ಸಹಿ ಹಾಕಿತು, ನಾಣ್ಯ ಹೊರಟಿತು ಎಂದಾಗ ಮಾತ್ರ ಅದು ನಿಮ್ಮದು. ಪರೀಕ್ಷೆ ಮಾಡಿದವರೂ ಮೋಸ ಹೋದ ಉದಾಹರಣೆ ಇದೆ. 2024ರ ಮೇ ತಿಂಗಳಲ್ಲಿ ಒಬ್ಬರು ಮೊದಲು ಚಿಕ್ಕ ಮೊತ್ತ ಕಳುಹಿಸಿ ಖಾತ್ರಿ ಮಾಡಿಕೊಂಡರು; ಅದನ್ನು ಕಾಯುತ್ತಿದ್ದ ವಂಚಕ ಮೊದಲ ಮತ್ತು ಕೊನೆಯ ಅಕ್ಷರಗಳು ಹೋಲುವ ವಿಳಾಸವೊಂದನ್ನು ಸೃಷ್ಟಿಸಿ ಅವರ ವಹಿವಾಟಿನ ಪಟ್ಟಿಯಲ್ಲಿ ಬರುವಂತೆ ಮಾಡಿದ; ಅವರು ಪಟ್ಟಿಯಿಂದ ಅದನ್ನೇ ನಕಲಿಸಿ 1,155 ಬಿಟ್‌ಕಾಯಿನ್ ಮೌಲ್ಯದ ಟೋಕನ್ ಕಳುಹಿಸಿಬಿಟ್ಟರು, ಸುಮಾರು 7 ಕೋಟಿ ಡಾಲರ್. ಆಮೇಲೆ ಆ ಹಣ ಹಿಂದಿರುಗಿತೆಂಬುದು ಅಪರೂಪದ ಅದೃಷ್ಟ. ಪ್ರತಿ ಸಲವೂ ವಿಳಾಸವನ್ನು ಹೊಸ ವ್ಯಾಲೆಟ್‌ನ ಪರದೆಯಿಂದಲೇ ತೆಗೆದುಕೊಳ್ಳಬೇಕು, ನಡುವಿನ ಅಕ್ಷರಗಳನ್ನೂ ಓದಬೇಕು. ಯುಎಸ್‌ಡಿಟಿಯಂಥ ಟೋಕನ್ ಆದರೆ ಎರಡು ಕಡೆಯೂ ಒಂದೇ ನೆಟ್‌ವರ್ಕ್ ಇದೆಯೇ, ಟ್ರಾನ್ ಮತ್ತು ಇಥೀರಿಯಮ್ ಅದಲುಬದಲಾಗಿಲ್ಲವೇ ನೋಡಬೇಕು. ಇಥೀರಿಯಮ್ ಮೇಲಿನ ಟೋಕನ್ ಕದಲಿಸಲು ಹಳೆ ವಿಳಾಸದಲ್ಲಿ ಸ್ವಲ್ಪ ಈಥರ್ ಇರಲೇಬೇಕು.

ಖರ್ಚಿನ ಆಕ್ಷೇಪವೂ ಇದೆ. ಬಿಟ್‌ಕಾಯಿನ್ ಶುಲ್ಕ ಕಳುಹಿಸುವ ಮೊತ್ತದ ಮೇಲೆ ನಿಲ್ಲುವುದಿಲ್ಲ, ವಹಿವಾಟಿನ ಗಾತ್ರದ ಮೇಲೆ ನಿಲ್ಲುತ್ತದೆ. ಹಳೆ ವ್ಯಾಲೆಟ್‌ಗೆ ನೂರು ಸಲ ಚಿಲ್ಲರೆ ಚಿಲ್ಲರೆಯಾಗಿ ಬಂದಿದ್ದರೆ ಅದನ್ನು ಒಟ್ಟುಗೂಡಿಸಿ ಸಾಗಿಸುವುದು ದುಬಾರಿಯೇ. 2024ರ ಏಪ್ರಿಲ್ 20ರಂದು, ಗಣಿಗಾರಿಕೆಯ ಪ್ರತಿಫಲ ಅರ್ಧಕ್ಕಿಳಿದ ದಿನ, ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಆದರೆ ಆ ಏರಿಕೆ ಇಳಿಯಲು ತಿಂಗಳುಗಳೇನೂ ಬೇಕಾಗಲಿಲ್ಲ. ಕೀ ಸೋರಿಕೆಯ ಅನುಮಾನ ಇಲ್ಲದಿದ್ದರೆ ಶುಲ್ಕ ಇಳಿದ ದಿನ ನೋಡಿ ಮಾಡಬಹುದು. ಶುಲ್ಕಕ್ಕಿಂತ ನಾಣ್ಯದ ಬೆಲೆಯೇ ಕಡಿಮೆ ಎಂದಾದರೆ ಈ ವಾದ ಅಂಥವರಿಗೆ ಅನ್ವಯಿಸುವುದಿಲ್ಲ. ತೆರಿಗೆಯ ಹೆದರಿಕೆ ಇದಕ್ಕಿಂತ ವ್ಯಾಪಕ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ, ಜುಲೈ 1ರಿಂದ ಶೇ 1 ಟಿಡಿಎಸ್ ಇದೆ ನಿಜ. ಅದು ಮಾರಿದಾಗ ಅಥವಾ ವಿನಿಮಯ ಮಾಡಿಕೊಂಡಾಗ. ಒಬ್ಬರೇ ತಮ್ಮ ಒಂದು ವ್ಯಾಲೆಟ್‌ನಿಂದ ತಮ್ಮದೇ ಇನ್ನೊಂದಕ್ಕೆ ಸಾಗಿಸಿದಾಗ ಒಡೆತನ ಬದಲಾಗುವುದಿಲ್ಲ. ಆದರೂ ದಿನಾಂಕ, ವಹಿವಾಟಿನ ಸಂಖ್ಯೆ, ಎರಡೂ ವಿಳಾಸ, ಮೂಲದಲ್ಲಿ ಕೊಂಡ ಬೆಲೆ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಮುಂದೆ ಮಾರುವ ದಿನ ಆಡಿಟರ್ ಮುಂದೆ ತಡಕಾಡಬೇಕಿಲ್ಲ.

ಇಷ್ಟೆಲ್ಲ ಪಡಿಪಾಟಲು ಏಕೆ, ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರಾಯಿತಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ತಾವೇ ಕೀ ಕಳೆದುಕೊಂಡವರ ಪಟ್ಟಿ ಚಿಕ್ಕದಲ್ಲ. ಆದರೆ ಎಕ್ಸ್‌ಚೇಂಜ್‌ನಲ್ಲೂ ಕೀ ಇದ್ದೇ ಇರುತ್ತದೆ, ನಿಮ್ಮ ಕೈಯಲ್ಲಿ ಇರುವುದಿಲ್ಲ ಅಷ್ಟೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ನಾಣ್ಯ ಕಳುವಾಯಿತು. ಅದು ಒಬ್ಬರ ಕೀಯಿಂದ ತೆರೆಯುವ ವ್ಯಾಲೆಟ್ ಆಗಿರಲಿಲ್ಲ, ಹಲವರ ಸಹಿ ಬೇಕಿತ್ತು. ಪರದೆಯ ಮೇಲೆ ಕಂಡದ್ದೇ ಒಂದು, ಸಹಿ ಬಿದ್ದದ್ದೇ ಇನ್ನೊಂದು ಎಂದು ಕಂಪನಿ ಹೇಳಿತು. ಗ್ರಾಹಕರ ಕ್ರಿಪ್ಟೊ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿತು, ವಿಷಯ ಸಿಂಗಪುರದ ನ್ಯಾಯಾಲಯಕ್ಕೆ ಹೋಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಸುಮಾರು 4.4 ಕೋಟಿ ಡಾಲರ್ ಕಳೆದುಕೊಂಡಿತು. ಅದು ಕಂಪನಿಯ ಸ್ವಂತ ಖಾತೆಯದಾದ್ದರಿಂದ ನಷ್ಟ ಗ್ರಾಹಕರಿಗೆ ತಟ್ಟಲಿಲ್ಲ. ಪದಗಳನ್ನು ಜೋಪಾನ ಮಾಡುವ ಚೈತನ್ಯ ಇಲ್ಲದವರು, ಸಣ್ಣ ಮೊತ್ತದವರು ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ ಇಡುವುದನ್ನು ತಪ್ಪೆನ್ನಲಾಗದು. ಉಳಿದವರಿಗೆ ಆಯ್ಕೆ ಇರುವುದು ಯಾರ ಅಜಾಗರೂಕತೆಯನ್ನು ತಾವು ಹೊರಬೇಕು ಎಂಬುದರಲ್ಲಿ, ಮತ್ತು ತಮ್ಮದನ್ನು ತಾವು ತಿದ್ದಿಕೊಳ್ಳಬಹುದು.

ಸಾಗಿಸುವ ಹೊತ್ತಿನ ಅತಿ ದೊಡ್ಡ ಅಪಾಯ ಗಾಬರಿ. ಹಳೆ ಪದಗಳನ್ನು ಬೇರೆ ಆ್ಯಪ್‌ನಲ್ಲಿ ಹಾಕಿದಾಗ ಬಾಕಿ ಸೊನ್ನೆ ಎಂದು ಬರುವುದುಂಟು. ಒಂದೇ ಪದಗುಚ್ಛದಿಂದ ಅಸಂಖ್ಯ ವಿಳಾಸಗಳು ಹುಟ್ಟುತ್ತವೆ. 1ರಿಂದ, 3ರಿಂದ, ‘ಬಿಸಿ1’ರಿಂದ ಶುರುವಾಗುವ ಬಿಟ್‌ಕಾಯಿನ್ ವಿಳಾಸಗಳಿಗೆ ಬೇರೆ ಬೇರೆ ಹಾದಿಗಳಿವೆ, ಎಲೆಕ್ಟ್ರಮ್ ಎಂಬ ವ್ಯಾಲೆಟ್‌ನ ಪದಗಳ ಪದ್ಧತಿಯೇ ಬೇರೆ. ಹೊಸ ಆ್ಯಪ್ ತಪ್ಪು ಹಾದಿಯಲ್ಲಿ ಹುಡುಕಿರುತ್ತದೆ, ಅಷ್ಟೆ. ನಾಣ್ಯ ಇದ್ದಲ್ಲೇ ಇದೆ. ಆದರೆ ಆ ಕ್ಷಣದಲ್ಲಿ ಜನ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ, ಸಿಕ್ಕವರು ಸಮಾಧಾನವಾಗಿ ಮಾತಾಡಿ ಹನ್ನೆರಡು ಪದ ಕೇಳುತ್ತಾರೆ, ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಹಳೆ ಆ್ಯಪ್ಪನ್ನೇ ಮತ್ತೆ ಹಾಕಿ ಅದರಲ್ಲಿ ತೆರೆದು ಅಲ್ಲಿಂದ ಕಳುಹಿಸುವುದು ಇದಕ್ಕೆ ಪರಿಹಾರ. ಸ್ವೀಪ್ ಮಾಡುವವರಿಗೆ ಈ ತೊಡಕೇ ಬರುವುದಿಲ್ಲ ಎಂಬುದು ಅದರ ಪರವಾದ ಇನ್ನೊಂದು ಕಾರಣ. ಕಂಪನಿ, ಪೊಲೀಸ್, ಆದಾಯ ತೆರಿಗೆ ಎಂದು ಹೇಳಿಕೊಂಡು ಫೋನಿನಲ್ಲಿ ಆ ಪದ ಕೇಳುವವರು ಯಾರೇ ಆಗಿರಲಿ, ಕಳ್ಳರು. ಕಳುವಾಯಿತೆಂದು ಕಂಡರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೆಂಗಳೂರಿನ ಉತ್ತರ ವಿಭಾಗಕ್ಕೂ ಈಶಾನ್ಯ ವಿಭಾಗಕ್ಕೂ ಸೈಬರ್ ಅಪರಾಧದ ಪೊಲೀಸ್ ಠಾಣೆಗಳಿವೆ. ನಾಣ್ಯ ಯಾವುದಾದರೂ ಎಕ್ಸ್‌ಚೇಂಜ್‌ಗೆ ಬಂದರೆ ಅಲ್ಲಿ ತಡೆಯುವ ಅವಕಾಶ ಇರುತ್ತದೆ, ಅದೂ ಬೇಗ ಹೋದರೆ.

ಎಲ್ಲ ಸಾಗಿಸಿದ ಮೇಲೂ ಹಳೆ ಕೀಯನ್ನು ಎಸೆಯಬಾರದು. ಅದರಿಂದ ಇನ್ನು ಕಳುವಾಗುವಂಥದ್ದೇನೂ ಇಲ್ಲ ಎಂಬುದೇ ಈ ಕ್ರಮದ ದೊಡ್ಡ ಲಾಭ: ಹಳೆ ಲ್ಯಾಪ್‌ಟಾಪನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕೊಟ್ಟರೂ ನಿದ್ದೆಗೆಡಬೇಕಿಲ್ಲ. ಸಾಗಿಸದೆ ಎಸೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ: ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಕಸಕ್ಕೆ ಹೋದ ಹಾರ್ಡ್ ಡಿಸ್ಕಿಗಾಗಿ, ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ನ ಕೀ ಇದೆಯೆಂದು, ಜೇಮ್ಸ್ ಹೊವೆಲ್ಸ್ ಕೋರ್ಟಿಗೂ ಹೋಗಿ 2025ರ ಜನವರಿಯಲ್ಲಿ ಸೋತರು. ಸಾಗಿಸಿದ ಮೇಲೂ ಕೀಯನ್ನು ಉಳಿಸಿಕೊಳ್ಳಬೇಕಾದ್ದು ಏಕೆಂದರೆ, ಹಳೆ ವಿಳಾಸಕ್ಕೆ ಮುಂದೆ ಯಾರಾದರೂ ಕಳುಹಿಸಬಹುದು. 2017ರ ಆಗಸ್ಟ್ 1ಕ್ಕೆ ಮೊದಲೇ ಬಿಟ್‌ಕಾಯಿನ್ ಇದ್ದ ಕೀಗೆ ಆ ದಿನ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್ ಕೂಡ ಸೇರಿದೆ. ಅದನ್ನು ಪಡೆಯುವುದು ಬಿಟ್‌ಕಾಯಿನ್ ಪೂರ್ತಿ ಸಾಗಿಸಿದ ಮೇಲೆಯೇ. ಅಪರಿಚಿತ ಆ್ಯಪ್‌ಗೆ ಆಗ ಹಳೆ ಕೀ ಕೊಟ್ಟರೂ ಹೋಗುವುದು ಕಡಿಮೆ. 2017ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಗೋಲ್ಡ್ ಕೊಡುತ್ತೇವೆಂದ ನಕಲಿ ವ್ಯಾಲೆಟ್‌ಗೆ ಪದ ಕೊಟ್ಟವರು 30 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡದ್ದು ಈ ಅನುಕ್ರಮ ತಪ್ಪಿದ್ದರಿಂದ. ಬಿಟ್‌ಕಾಯಿನ್ ಕೋರ್ ಎಂಬ ವ್ಯಾಲೆಟ್ ತಂತ್ರಾಂಶದ ಹಳೆ ಫೈಲ್ ಇಟ್ಟವರಿಗೆ ಇನ್ನೊಂದು ಎಚ್ಚರಿಕೆ: ಆಗಿನ ವ್ಯಾಲೆಟ್ ಮುಂಗಡವಾಗಿ 100 ಕೀಗಳನ್ನಷ್ಟೇ ಮಾಡಿಡುತ್ತಿತ್ತು, ಪ್ರತಿ ವಹಿವಾಟಿನ ಚಿಲ್ಲರೆ ಹೊಸ ಕೀಗೆ ಹೋಗುತ್ತಿತ್ತು, ಒಮ್ಮೆ ಮಾಡಿಟ್ಟ ಬ್ಯಾಕಪ್‌ನಲ್ಲಿ ಆಮೇಲಿನ ಕೀಗಳು ಇಲ್ಲದೇ ಇರಬಹುದು. ಇರುವ ಎಲ್ಲ ಪ್ರತಿಗಳನ್ನೂ ತೆರೆದು ನೋಡಿಯೇ ಮುಗಿಯಿತು ಎನ್ನಬೇಕು.

ಹೊಸ ಹಾಳೆಯನ್ನು ಎಲ್ಲಿಡುವುದು ಎಂಬುದಕ್ಕೆ ಉತ್ತರ ಬೆಂಗಳೂರಿನ ಉತ್ತರ ಭಾಗದಲ್ಲಿ ನೀರಿನಿಂದ ಶುರುವಾಗಬೇಕು. ಯಲಹಂಕದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟ್‌ಗೆ 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಕೆರೆ ನೀರು ನುಗ್ಗಿ ಜನ ದೋಣಿಯಲ್ಲಿ ಹೊರಬಂದರು. ನೆಲಮಹಡಿಯ ಬೀರುವಿನ ಕೆಳಗಿನ ಖಾನೆಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದಿಟ್ಟ ಹನ್ನೆರಡು ಪದ ಅಂಥ ದಿನ ಉಳಿಯದು. ಎರಡು ಪ್ರತಿ, ಎರಡು ಬೇರೆ ಜಾಗ, ಸಾಧ್ಯವಾದರೆ ಒಂದು ಸ್ಟೀಲ್ ತಗಡಿನ ಮೇಲೆ ಕೊರೆದದ್ದು, ಅದೂ ಕೊರೆಯುವ ಅಂಗಡಿಗೆ ಕೊಡದೆ ಕೈಯಾರೆ. ಬ್ಯಾಂಕ್ ಲಾಕರ್ ಒಳ್ಳೆಯ ಜಾಗವೇ. ಆದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳವು, ಬೆಂಕಿಯಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ, ನೆರೆಯಂಥ ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. ಪದಗಳನ್ನು ಉಯಿಲಿನಲ್ಲಿ ಬರೆಯಬಾರದು, ಉಯಿಲು ವಕೀಲರು, ಸಾಕ್ಷಿಗಳು, ಕಚೇರಿಗಳು ಎಂದು ಹಲವರ ಕೈ ದಾಟುತ್ತದೆ. ಯಾವ ವ್ಯಾಲೆಟ್, ಯಾವ ನೆಟ್‌ವರ್ಕ್, ಹಾಳೆ ಎಲ್ಲಿದೆ ಎಂಬುದಷ್ಟನ್ನು ಹೆಂಡತಿಗೋ ಗಂಡನಿಗೋ ಹೊರದೇಶದಲ್ಲಿರುವ ಮಗಳಿಗೋ ಮೊದಲೇ ತಿಳಿಸಿಟ್ಟರೆ ಸಾಕು. ಆ ಹಾಳೆ ಮುಂದೊಂದು ದಿನ ಯಾರ ಕೈಗೆ ಬರುತ್ತದೋ ಅವರು ಮೊದಲು ಮಾಡಬೇಕಾದ ಕೆಲಸ, ತಮ್ಮದೇ ಹೊಸ ಕೀ ಹುಟ್ಟಿಸಿ ಇದ್ದದ್ದನ್ನೆಲ್ಲ ಅದರ ವಿಳಾಸಕ್ಕೆ ಕಳುಹಿಸಿಕೊಳ್ಳುವುದು.